ಕುಸುಬಿ ಹೂವಿನ ಬಣ್ಣ

ಎಣ್ಣೆಯ ಡಬ್ಬಿಯೊಳಗಿಂದ 'ಟಿಣ್' ಎಂದು ಸಣ್ಣ ಸಪ್ಪಳ ಬಂತು. ಬೇರೆ ಯಾರಾಗಿದ್ದರೂ ಅದು ಕಿವಿಗೇ ಬೀಳುತ್ತಿರಲಿಲ್ಲ. ಆದರೆ ಮುಸ್ತಾಕನದು ಮೈಕ್ ಸೆಟ್ಟಿನವನ ಕಿವಿ. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ಅಂಗಡಿಯಲ್ಲಿ, ಗಿರಾಕಿ ತಂದ ಸ್ಪೀಕರನ್ನು ಒಮ್ಮೆ ಗೊರಗೊರ ಅನ್ನಿಸಿದರೆ ಸಾಕು, ಒಳಗೆ ಎಲ್ಲಿ ಹರಿದಿದೆ ಎಂದು ಬಿಚ್ಚುವ ಮೊದಲೇ ಹೇಳುವವನು.

"ಹೋತ ಕಾಕಾ," ಎಂದ.

"ಏನ ಹೋತೋ? ಎಲ್ಲಿಗಿ ಹೋತು?" ಎನ್ನುತ್ತ ಕಂಬಾರ ಮುದಕಪ್ಪ ಇಕ್ಕಳದಲ್ಲಿ ಹಿಡಿದಿದ್ದ ಚಾಕುವನ್ನು ಎಣ್ಣೆಯಿಂದ ಮೇಲೆತ್ತಿದ. ಹೊಗೆಯಾಡುತ್ತಿದ್ದ ಅಲಗನ್ನು ಮುಸ್ತಾಕ ಚಿಂದಿಯಿಂದ ಒರೆಸಿ ಬಾಗಿಲ ಬೆಳಕಿಗೆ ಹಿಡಿದ. ಬೆನ್ನಿನಿಂದ ಬಾಯಿಯವರೆಗೆ ಕೂದಲೆಳೆಯಂಥ ಬಿರುಕು. ಮುದಕಪ್ಪ ಅದನ್ನು ನೋಡಲು ಹೋಗಲಿಲ್ಲ. ಹೆಬ್ಬೆರಳಿನ ಉಗುರು ಎಳೆದು ತಿಳಿದುಕೊಂಡ. "ಕಬ್ಬಣಾನ ಖರಾಬ ಐತಿ ಬಿಡ. ಈಗಿನ ಲಾರಿಗಿ ಯಾರ ಚಲೋ ಪಟ್ಟಿ ಹಾಕ್ತಾರ?" ಎಂದವನೇ ಚಾಕುವನ್ನು ಮೂಲೆಗೆ ಒಗೆದು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತುಬಿಟ್ಟ.

ಮುಸ್ತಾಕನಿಗೆ ಅಳುವೇ ಬಂದಂತಾಯಿತು. ಮಳೆಗಾಲದಿಂದ ಪ್ರತಿ ಭಾನುವಾರ ಯಳವತ್ತಿಯ ಈ ಕುಲುಮೆಗೆ ಬಂದು, ಗುಜರಿಯಿಂದ ತಂದ ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ, ಬಡಿದು, ಅಂಗಡಿಗೆ ಒಯ್ದು ಬಿಡುವಾದಾಗಲೆಲ್ಲ ಅರದಿಂದ ಉಜ್ಜಿ, ಕೈಯೆಲ್ಲ ಬೊಕ್ಕೆ ಎಬ್ಬಿಸಿಕೊಂಡು ರೂಪ ಕೊಟ್ಟಿದ್ದ. ಪುಣ್ಯಕ್ಕೆ ಆ ಪಟ್ಟಿಯಲ್ಲಿ ಎರಡು ಚಾಕು ಆಗಿದ್ದವು. ಒಂದು ಹೋಯಿತು, ಇನ್ನೊಂದು ಉಳಿದಿತ್ತು. ಅದಕ್ಕೂ ಇದೇ ಗತಿಯಾದರೆ?

ಚಾಕು ಯಾತಕ್ಕೆ ಬೇಕಿತ್ತು ಎಂದು ಕೇಳಿದರೆ ಮುಸ್ತಾಕ ನಾಚುತ್ತಿದ್ದ. ಹುಟ್ಟಿದಾಗಿನಿಂದ ಅವನ ಬದುಕೆಲ್ಲ ಗದ್ದಲದಲ್ಲೇ ಕಳೆದಿತ್ತು. ಮದುವೆ, ಉರುಸು, ಎಲೆಕ್ಷನ್ನು, ಯಾರದೋ ಹುಟ್ಟುಹಬ್ಬ, ಎಲ್ಲೆಲ್ಲೂ ಕಂಬಕ್ಕೆ ಕಟ್ಟಿದ ಇವನದೇ ಸ್ಪೀಕರು, ಇವನದೇ 'ಹಲೋ ಹಲೋ ಮೈಕ್ ಟೆಸ್ಟಿಂಗ್'. ಹೀಗಿದ್ದವನಿಗೆ ಒಂದು ಕನಸು ಗಂಟುಬಿದ್ದಿತ್ತು. ಹಮ್ಮಿಗಿಯ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಒಂದು ಹಗಲು, ಒಂದು ರಾತ್ರಿ ಸುಮ್ಮನೆ ಇರಬೇಕು. ಜಾಲಿಯ ಟೊಂಗೆ ಕಡಿದು ಒಲೆ ಹೂಡಬೇಕು, ಉಳ್ಳಾಗಡ್ಡಿ ಹೆಚ್ಚಬೇಕು, ಮೀನು ಸಿಕ್ಕರೆ ಸೀಳಬೇಕು, ನೀರು ಅಲ್ಲಾಡುವುದನ್ನು ನೋಡುತ್ತ ಮಲಗಬೇಕು. ಇಷ್ಟಕ್ಕೆಲ್ಲ ಒಂದೇ ಚಾಕು, ತನ್ನ ಕೈಯಾರೆ ಮಾಡಿದ್ದು. ಮುಂಜಾನೆ ಅಂಗಡಿಯ ಶಟರ್ ಎತ್ತುವಾಗಲೇ ಅವನಿಗೆ ಆ ಹೊಳೆಯ ಗಾಳಿ ಮೂಗಿಗೆ ಬಡಿಯುತ್ತಿತ್ತು, ಗಿರಾಕಿ ಬಂದು ಕೂಗಿದರೂ ಎಷ್ಟೋ ಸಲ ಎಚ್ಚರವಿರುತ್ತಿರಲಿಲ್ಲ.

"ಚಾಕು ಸಂತ್ಯಾಗ ಬೇಕಾದಷ್ಟು ಸಿಗತಾವ. ನಿಮಗ ಹುಚ್ಚ ಹಿಡದೈತಿ ನೋಡ್ರಿ," ಎನ್ನುತ್ತಿದ್ದಳು ಹೆಂಡತಿ ಸಬೀನಾ. ಅಂದರೂ ಕಾದ ಚಾಕುವನ್ನು ಅದ್ದಿ ಹದ ಹಾಕಲು ಬೇಕೆಂದು ಅಡುಗೆಮನೆಯ ಕುಸುಬಿ ಎಣ್ಣೆಯ ಡಬ್ಬಿಯನ್ನು ತಾನೇ ಎತ್ತಿ ಕೊಟ್ಟಿದ್ದಳು. ಕೊಡುವಾಗ ಒಂದು ತಾಸು ಬೈದಿದ್ದಳು, ಆ ಮಾತು ಬೇರೆ.

ಆ ಸಂಜೆ ಮುಸ್ತಾಕ ಉಳಿದ ಚಾಕುವನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದ. ಯಳವತ್ತಿ ದಾಟಿದ ಮೇಲೆ ರಸ್ತೆಯ ಪಕ್ಕಕ್ಕೆ ಕುಸುಬಿ ಹೊಲ. ಹೂವೆಲ್ಲ ಬಿರಿದು, ಇಳಿಬಿಸಿಲಿಗೆ ಇಡೀ ಹೊಲ ನಿಗಿನಿಗಿ ಕೆಂಡ ಹರವಿದಂತೆ ಕಾಣುತ್ತಿತ್ತು. ಗಾಡಿ ತಾನಾಗಿಯೇ ನಿಂತಿತೋ ಇವನೇ ನಿಲ್ಲಿಸಿದನೋ. ನೋಡುತ್ತ ನಿಂತವನಿಗೆ ಬಸವಣ್ಣೆವ್ವನ ದನಿ ನೆನಪಿನಲ್ಲಿ ಕೇಳಿಸಿತು.

ಬಸವಣ್ಣೆವ್ವ ಮುದಕಪ್ಪನ ಹೆಂಡತಿ. ಕುಲುಮೆಯ ಗಾಳಿಚಕ್ರ ತಿರುವುತ್ತಿದ್ದವಳು ಅವಳೇ. ತಂಗಿ ಬಿದ್ದು ಕಾಲು ಮುರಿದುಕೊಂಡಳೆಂದು ಮುಂಡರಗಿಗೆ ಹೋಗಿದ್ದರಿಂದ ಇವತ್ತು ಚಕ್ರದ ಮುಂದೆ ಮುಸ್ತಾಕ ಕುಳಿತಿದ್ದ. ಅವಳಿದ್ದಾಗ ಕಬ್ಬಿಣ ಕಾಯುವ ಹೊತ್ತಿಗೆ ಮುದುಕ ಕೇಳುತ್ತಿದ್ದ, "ಹೂ ಯಾವುದ?" ಅವಳು, "ಇನ್ನಾ ದಾಸಾಳ." ಸ್ವಲ್ಪ ತಡೆದು ಮತ್ತೆ, "ಈಗ?" ಅವಳು, "ಕುಸುಬಿ ಆತು." ಆ ಮಾತು ಬೀಳುವುದೇ ತಡ, ಮುದಕಪ್ಪ ಕುಡುಗೋಲನ್ನು ಬೆಂಕಿಯಿಂದ ಎಳೆಯುತ್ತಿದ್ದ. ಒಮ್ಮೊಮ್ಮೆ ಅವಳು, "ಅಯ್ಯ, ಚೆಂಡ ಹೂ ಆತಲ್ರೀ!" ಎಂದು ಚೀರಿ ನಗುತ್ತಿದ್ದಳು. ವಯಸ್ಸಾದ ಗಂಡಹೆಂಡಿರ ಸರಸ ಎಂದುಕೊಂಡು ಮುಸ್ತಾಕ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ಸರಸವಂತೆ! ಎಂಥ ದಡ್ಡ ನಾನು ಎಂದು ಹಣೆ ಬಡಿದುಕೊಂಡ. ಮುದುಕನಿಗೆ ಬೆಂಕಿಯ ಬಣ್ಣ ಕಾಣುತ್ತಿಲ್ಲ, ಕಾದ ಕಬ್ಬಿಣದ ಬಣ್ಣವನ್ನು ಹೂವಿನ ಹೆಸರಲ್ಲಿ ಅವಳೇ ಹೇಳಿಕೊಡುತ್ತಿದ್ದಳು. ಇವತ್ತು ಅವಳಿಲ್ಲದೆ, ಕೆನ್ನೆಗೆ ತಾಗುವ ಝಳದ ಮೇಲೆಯೇ ಅಂದಾಜು ಮಾಡಿದ್ದಾನೆ. ಬಾಗಿಲಿನ ಗಾಳಿ ಆ ಝಳವನ್ನು ಹೊತ್ತುಕೊಂಡು ಹೋಗಿದೆ, ಅಲಗು ಮಿತಿಮೀರಿ ಕಾದು ಬಿರಿದಿದೆ. ಕಬ್ಬಿಣ ಚೆಂಡು ಹೂವನ್ನೂ ದಾಟಿ ಹಳದಿಗೆ ತಿರುಗಿದ್ದನ್ನು ಮುಸ್ತಾಕ ನೋಡಿದ್ದ. ಕಾಕಾನಿಗೆ ಗೊತ್ತಿರದ್ದು ನನಗೇನು ಗೊತ್ತು ಎಂದು ಬಾಯಿ ಮುಚ್ಚಿಕೊಂಡಿದ್ದ. ಕಾಕಾನೂ ಕೇಳಲಿಲ್ಲ. ಪಕ್ಕದಲ್ಲೇ ಕುಳಿತವನನ್ನು, 'ಏನ ಬಣ್ಣ ಐತೋ' ಎಂದು ಒಂದು ಮಾತು ಕೇಳಬಾರದಿತ್ತೇ? ಒಡೆದ ಚಾಕುವಿಗಿಂತ ಹೆಚ್ಚಾಗಿ ಅದು ಅವನನ್ನು ನೋಯಿಸಿತು.

ಮುಂದಿನ ಭಾನುವಾರ ಹೋದಾಗ ಬಸವಣ್ಣೆವ್ವ ಬಂದಿದ್ದಳು, ಹಿತ್ತಲಲ್ಲಿ ನೀರು ತುಂಬುತ್ತಿದ್ದಳು. ಮುಸ್ತಾಕ ನೇರ ಅಲ್ಲಿಗೇ ಹೋದ. "ಕಾಕಿ, ಕಾಕಾಗ ಬಣ್ಣ..." ಎನ್ನುವಷ್ಟರಲ್ಲಿ ಅವಳು ಕೊಡ ಬಿಟ್ಟು ಅವನ ಕೈ ಹಿಡಿದುಕೊಂಡಳು.

"ಹಗೂರಕ ಮಾತಾಡೋ ತಮ್ಮಾ, ನಿನ್ನ ಕಾಲಿಗಿ ಬೀಳ್ತೀನಿ. ಗದಗಿನ್ಯಾಗ ತೋರ್ಸೀವಿ. ಬೆಂಕಿ ನೋಡಿ ನೋಡಿ ಕಣ್ಣಿನ ಹಿಂದಿನ ಪರದಿ ಸುಟ್ಟೈತಂತ. ಆಪರೇಶನ್ನಿಗೂ ಬರಂಗಿಲ್ಲಂತ. ಮಂದಿ ಮಸಕ ಮಸಕ ಕಾಣ್ತಾರ, ಬಣ್ಣ ತಿಳಿಯವಲ್ದು."

"ಊರಾಗ ಯಾರಿಗೂ ಗೊತ್ತಿಲ್ಲೇನು?"

"ಗೊತ್ತಾದ್ರ ಯಾರ ಬರ್ತಾರ ಇಲ್ಲಿಗಿ? ಈ ಕುಲಮಿ ಆರಿತಂದ್ರ ಆ ಮನಷ್ಯಾ ಉಳಿಯಂಗಿಲ್ಲ. ನಾ ಹೂ ಹೇಳ್ಕೊಂತ ಹೆಂಗೋ ನಡಸೀನಿ. ಈಗ ನನಗೂ ಮಬ್ಬ ಬರಾಕತ್ತೈತೋ. ಮನ್ನಿ ನಂದೀಶನ ಕುಡಗೋಲು ನನ್ನಿಂದನ ಕೆಟ್ಟಿತು. ದಾಸಾಳಕ್ಕ ಕುಸುಬಿ ಅಂದೆ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅವ್ರಿಗಿ ಹೇಳಿಲ್ಲ. ಹೆಂಗ ಹೇಳಲಿ?"

ಮುಸ್ತಾಕ ಬರಿಗೈಯಲ್ಲಿ ಬಂದಿರಲಿಲ್ಲ. ಯಾವುದೋ ದೇಶದ ಗಡ್ಡದವರು ಚಾಕು ಮಾಡುವುದನ್ನು ಮೊಬೈಲಿನಲ್ಲಿ ನೋಡುವುದು ಅವನ ಚಟ. ಅವರು ಕಾದ ಕಬ್ಬಿಣಕ್ಕೆ ಅಯಸ್ಕಾಂತ ಮುಟ್ಟಿಸಿ ನೋಡುತ್ತಿದ್ದರು. ಕಬ್ಬಿಣ ಹದಕ್ಕೆ ಬಂದಾಗ ಅಯಸ್ಕಾಂತ ಅದನ್ನು ಹಿಡಿಯುವುದನ್ನೇ ಬಿಡುತ್ತದಂತೆ. ಆಗ ನಕ್ಕು ಮುಂದೆ ಸರಿಸಿದ್ದ. ಈ ವಾರ ಕೆಟ್ಟ ಸ್ಪೀಕರೊಂದನ್ನು ಬಿಚ್ಚಿ, ಅದರ ಹಿಂದಿನ ದುಂಡನೆಯ ಅಯಸ್ಕಾಂತವನ್ನು ತೆಗೆದು, ತಂತಿಯಿಂದ ಬಿದಿರು ಕೋಲಿಗೆ ತೂಗುಹಾಕಿ ತಂದಿದ್ದ. ಆದರೆ ಕೊಡುವುದು ಹೇಗೆ? ದಾರಿಯುದ್ದಕ್ಕೂ ಅದೇ ಚಿಂತೆ.

ಚಾಕು ಬೆಂಕಿಗೆ ಬಿತ್ತು. ಬಸವಣ್ಣೆವ್ವ ಚಕ್ರ ತಿರುವತೊಡಗಿದಳು. ಮುಸ್ತಾಕ ಕೋಲನ್ನು ಮುಂದೆ ಚಾಚಿದ.

"ಕಾಕಾ, ನನಗ ಬಣ್ಣ ಗುರ್ತ ಹತ್ತಂಗಿಲ್ಲ ನೋಡ. ಅದಕ ಇದನ್ನ ತಂದೀನಿ. ಇದು ಕಬ್ಬಣ ಹಿಡಿಯೋದ ಬಿಟ್ಟಿತಂದ್ರ ಹದ ಬಂತಂತ."

"ನಿನಗ ಬಣ್ಣ ಯಾಕ ಬೇಕು? ಹದ ಹಾಕಾಂವ ನಾನು."

"ಹಂಗಲ್ಲ, ಸುಮ್ನ ಕಲಿಯಾಕ..."

ಮುದಕಪ್ಪ ಇಕ್ಕಳ ಕೆಳಗಿಟ್ಟ. ದನಿ ತಗ್ಗಿತು. "ಯಾರ ಹೇಳಿದ್ರು ನಿನಗ?"

ಚಕ್ರ ನಿಂತಿತು. ಮುಸ್ತಾಕನಿಗೆ ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಯಾರೂ ಹೇಳಿಲ್ಲ ಕಾಕಾ. ಚಾಕು ಒಡದಾಗ ನಾ ಬಾಜೂಕ ಇದ್ನೆಲ್ಲ."

"ಅಂದ್ರ ಕುರುಡ ಕಂಬಾರಗ ಆಟದ ಸಾಮಾನ ತಂದೀ! ಎದ್ದ ಹೋಗಲೇ! ನಿನ್ನ ಚಾಕೂ ಬ್ಯಾಡ, ನೀನೂ ಬ್ಯಾಡ!" ಎಂದು ಮುದುಕ ಕೋಲನ್ನು ಕಿತ್ತುಕೊಂಡು ರಪ್ಪನೆ ಬೀಸಿ ಒಗೆದ. ಅಯಸ್ಕಾಂತ ನೆಟ್ಟಗೆ ಹೋಗಿ ಬಡಿಯುವ ಕಬ್ಬಿಣದ ಅಡಿಗಲ್ಲಿಗೆ 'ಟಕ್' ಎಂದು ಕಚ್ಚಿಕೊಂಡಿತು. ಮುದಕಪ್ಪ ಕೋಲು ಹಿಡಿದು ಜಗ್ಗಿದ, ಬರಲಿಲ್ಲ. ಬೈದ, ಮತ್ತೆ ಜಗ್ಗಿದ. ತಂತಿ ಕುಣಿಯಿತೇ ಹೊರತು ಅದು ಬಿಡಲೊಲ್ಲದು. ಅಂಥ ಹೊತ್ತಿನಲ್ಲೂ ಬಸವಣ್ಣೆವ್ವನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವಳು ಅತ್ತುಬಿಟ್ಟಳು.

"ನನಗೂ ಕಾಣವಲ್ದ್ರೀ," ಎಂದಳು. "ಎಷ್ಟ ದಿನಾ ಅಂತ ಸುಳ್ಳ ಹೂ ಹೇಳಲಿ?"

ಮುದಕಪ್ಪನ ಕೈ ಕೋಲಿನ ಮೇಲೆಯೇ ನಿಂತಿತು. ಹೆಂಡತಿಯ ದನಿ ಬಂದ ಕಡೆ ಮುಖ ತಿರುಗಿಸಿದ. ಆಮೇಲೆ ಅಡಿಗಲ್ಲಿಗೆ ಬಗ್ಗಿ, ಅಯಸ್ಕಾಂತವನ್ನು ಬೆರಳಿನಿಂದ ಸವರಿ, ಬದಿಗೆ ಜಾರಿಸಿ ಬಿಡಿಸಿಕೊಂಡ. ಸುತ್ತಿಗೆಗೆ ಹಿಡಿದ. ಟಕ್. ಬಿಡಿಸಿ ಇಕ್ಕಳಕ್ಕೆ ಹಿಡಿದ. ಟಕ್.

"ಸಪ್ಪಳ ಆಗತೈತಲ್ಲೋ ಇದು," ಎಂದ.

"ಹೂಂ ಕಾಕಾ."

"ಗಾಳಿ ಬಿಡಬೇ."

ಚಕ್ರ ತಿರುಗಿತು. ಇದ್ದಿಲು ಉಸಿರಾಡಿತು. ಮುದಕಪ್ಪ ಕೈ ಎತ್ತಿದಾಗ ಬಸವಣ್ಣೆವ್ವ ನಿಲ್ಲಿಸಿದಳು. ಮುದುಕ ತಲೆ ಓರೆಮಾಡಿ ಅಯಸ್ಕಾಂತವನ್ನು ಕೆಂಡದೊಳಗಿನ ಚಾಕುವಿಗೆ ತೂಗಿಬಿಟ್ಟ. ಟಕ್. ಮತ್ತೆ ಗಾಳಿ. ಟಕ್, ಆದರೆ ಮೊದಲಿಗಿಂತ ಮೆತ್ತಗೆ. ಮತ್ತೆ ಗಾಳಿ. ಈ ಸಲ ಅಯಸ್ಕಾಂತ ಅಲಗಿನ ಮೇಲೆ ಸುಮ್ಮನೆ ಸರಿದುಹೋಯಿತು. ಯಾವ ಸಪ್ಪಳವೂ ಇಲ್ಲ. ಆ ಮೂವರೂ ಉಸಿರು ಬಿಗಿಹಿಡಿದು ಇಲ್ಲದ ಸಪ್ಪಳವನ್ನು ಕೇಳುತ್ತ ಕುಳಿತರು. ಮುಸ್ತಾಕನಿಗೆ ತಾನು ಹೊಳೆಯ ದಂಡೆಯಲ್ಲಿ ಇದ್ದೇನೆ ಅನ್ನಿಸಿತು. ಅಷ್ಟು ಶಾಂತ.

"ಹಿಡಿಯವಲ್ದು!" ಎಂದು ಮುದಕಪ್ಪ ಪಿಸುಗುಟ್ಟಿದ. "ಇನ್ನೊಂದ ಸ್ವಲ್ಪ ಬೇಯ್ಲಿ... ಆತು." ಚಾಕು ಕುಸುಬಿ ಎಣ್ಣೆಗೆ ಇಳಿಯಿತು. ಬುಸ್ಸೆಂದು ಹೊಗೆ ಎದ್ದು ಸೂರಿಗೆ ಹತ್ತಿತು. ಮುಸ್ತಾಕ ಕಣ್ಣು ಮುಚ್ಚಿಕೊಂಡ. 'ಟಿಣ್' ಬರಲಿಲ್ಲ. ಎಣ್ಣೆ ತಣ್ಣಗಾದ ಮೇಲೂ ಬರಲಿಲ್ಲ. ಮುದಕಪ್ಪ ಅಲಗಿನ ಮೇಲೆ ಅರ ಎಳೆದ. ಅರ ಕಚ್ಚದೆ ಗಾಜಿನ ಮೇಲೆ ಎಳೆದಂತೆ ಜಾರಿತು, ಹದ ಸರಿಯಾಗಿ ಕೂತಿತ್ತು. ಮುದುಕನ ಮುಖ ಅರಳಿದ್ದನ್ನು ನೋಡಿ ಮುಸ್ತಾಕನಿಗೆ ತನ್ನ ಚಾಕು ಮರೆತೇ ಹೋಯಿತು.

ಆಗಲೇ ಬಾಗಿಲಲ್ಲಿ ನಂದೀಶ ನಿಂತಿದ್ದ, ಅದೇ ಊರಿನ ರೈತ. ಹೊರಗೆ ಅವನ ಗಾಡಿ ಚಾಲೂ ಇತ್ತು. ಒಳಗೆ ಬರದೆ ಕೈಯಲ್ಲಿದ್ದ ಕುಡುಗೋಲನ್ನು ತೋರಿಸಿದ. "ನೋಡ ಕಾಕಾ, ಮತ್ತ ಬಾಯಿ ಮಡಚೇತಿ. ಜ್ವಾಳ ಕೊಯ್ಯಾಕ ಆಳು ಬಂದು ನಿಂತಾರ. ಹಿಂಗಾದ್ರ ನಾ ಲಕ್ಷ್ಮೇಶ್ವರದಾಗ ಹೊಸಾದ ತರ್ತೀನಿ."

"ಅದು ಕಬ್ಬಣಾನ ಹಂಗ ಐತಿ ತಮ್ಮಾ..." ಎಂದು ಬಸವಣ್ಣೆವ್ವ ಶುರುಮಾಡಿದಳು.

"ಕಬ್ಬಣದ್ದೇನ ತಪ್ಪಿಲ್ಲ," ಎಂದ ಮುದಕಪ್ಪ. "ನನಗ ಬಣ್ಣ ಕಾಣಂಗಿಲ್ಲ ನಂದೀಶ. ವರ್ಷದ ಮ್ಯಾಲಾತು. ನಿಮ್ಮೆಲ್ಲಾರ ಮುಂದ ಮುಚ್ಚಿಟ್ಟಿದ್ದೆ. ಇನ್ನ ಮ್ಯಾಲ ಕಿವಿಲೇ ಹದ ಹಾಕಾಂವ. ಬೇಕಂದ್ರ ಕುಂಡ್ರು, ಮಾಡಿಕೊಡ್ತೀನಿ. ಬ್ಯಾಡಂದ್ರ ಹೋಗು, ನಾ ಸಿಟ್ಟಾಗಂಗಿಲ್ಲ."

ನಂದೀಶ ಮುದುಕನನ್ನು ನೋಡಿದ, ಬಸವಣ್ಣೆವ್ವನನ್ನು ನೋಡಿದ, ಎಣ್ಣೆ ಸುರಿಯುತ್ತಿದ್ದ ಚಾಕು ಹಿಡಿದು ನಿಂತ ಮುಸ್ತಾಕನನ್ನು ನೋಡಿದ. ತಿರುಗಿ ಗಾಡಿಯ ಕಡೆ ನಡೆದ. ಬಸವಣ್ಣೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದಕಪ್ಪ ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಹೊರಗೆ ಗಾಡಿಯ ಸಪ್ಪಳ ನಿಂತಿತು. ನಂದೀಶ ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮುದುಕನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕುಡುಗೋಲನ್ನು ತಿರುಗಿಸಿ, ಅದರ ಹಿಡಿಕೆಯನ್ನು ಅವನ ಅಂಗೈಗೆ ತಾಗಿಸಿ ಹಿಡಿದ.