ಸಾರಜನಕದಿಂದ ಬಂದ ಮೆಥನಾಲ್

೨೦೦೪ರಲ್ಲಿ ನಾನು ಚೆನ್ನೈನ ಒಂದು ಖಾಸಗಿ ಸಂಶೋಧನಾಲಯದಲ್ಲಿ ಡಾ. ಭೋಜರಾಜರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಇಂಗಾಲದ ಡೈಆಕ್ಸೈಡಿಗೆ ಜಲಜನಕ ಬೆರೆಸಿ ಮೆಥನಾಲ್ ಎಂಬ ಇಂಧನ ಮಾಡಬಲ್ಲ ವೇಗವರ್ಧಕವನ್ನು ಹುಡುಕುವುದು ನಮ್ಮ ಕೆಲಸ. ತಾಮ್ರ, ಸತು ಬೆರೆತ ಕಪ್ಪು ಪುಡಿ ಅದು. ತಯಾರಿಸುತ್ತಿದ್ದವಳು ನಾನು. ಭೋಜರಾಜರು ಅದನ್ನು ಮುಟ್ಟಿದ್ದನ್ನು ನೋಡಿದ್ದು ಒಮ್ಮೆ ಮಾತ್ರ, ಪತ್ರಿಕೆಯ ಫೋಟೋಗ್ರಾಫರ್ ಬಂದಿದ್ದಾಗ. ಆಗಲೂ ಎಡಗೈ ಗವಸನ್ನು ಬಲಗೈಗೆ ಹಾಕಿಕೊಂಡಿದ್ದರು.

ಆ ವರ್ಷ ಸಿಗುವ ಮೆಥನಾಲ್ ದಿಢೀರನೆ ಹತ್ತು ಪಟ್ಟು ಏರಿತು. ಭೋಜರಾಜರು ಅದರ ಮೇಲೆ ಪ್ರಬಂಧ ಪ್ರಕಟಿಸಿ, ಟಿ. ನಗರಕ್ಕೆ ಹೋಗಿ ಸೂಟು ಹೊಲಿಸಿಕೊಂಡರು. ನನಗೆ ಅನುಮಾನ ಬಂತು. ಬೇಗ ಒಣಗಲಿ ಎಂದು ಪುಡಿಯನ್ನು ನೀರಿನ ಬದಲು ಮೆಥನಾಲಿನಲ್ಲೇ ತೊಳೆಯಲು ಅವರು ಹೇಳಿದ ವಾರದಿಂದಲೇ ಈ ಏರಿಕೆ ಶುರುವಾಗಿತ್ತು. ಡೈಆಕ್ಸೈಡ್ ಸಿಲಿಂಡರ್ ಮುಚ್ಚಿ, ಇಂಗಾಲವೇ ಇಲ್ಲದ ಸಾರಜನಕವನ್ನಷ್ಟೇ ಹರಿಸಿ ಕುಲುಮೆ ಕಾಯಿಸಿದೆ. ಆಗಲೂ ಮೆಥನಾಲ್ ಬಂತು. ತೊಳೆಯಲು ಸುರಿದದ್ದೇ ಪುಡಿಯ ರಂಧ್ರಗಳಿಂದ ಹೊರಬರುತ್ತಿತ್ತು.

ಹೋಗಿ ಭೋಜರಾಜರಿಗೆ ಹೇಳಿದೆ.

"ನಾಗಮಣಿ, ನೀನು ರೊಂಬ ಯೋಚನೆ ಮಾಡ್ತೀಯಮ್ಮಾ. ಶುಕ್ರವಾರ ದುಡ್ಡು ಕೊಡೋ ಕಮಿಟಿ ಬರ್ತಿದೆ. ಡೆಮೋ ನೀನೇ ಕೊಡು. ಗ್ರಾಫ್ ತೋರಿಸು, ಪೋದುಂ, ಅಷ್ಟು ಸಾಕು."

ಶುಕ್ರವಾರ ಏಳು ಜನ ಬಂದರು. ವಡೆ ತಿಂದರು.

"ಈಗ ಡೈಆಕ್ಸೈಡ್ ಮುಚ್ಚಿದೆ. ಬರೀ ಸಾರಜನಕ ಹೋಗ್ತಿದೆ," ಎಂದೆ.

ಪರದೆಯ ಮೇಲೆ ಮೆಥನಾಲಿನ ಗೆರೆ ಎದ್ದು ನಿಂತಿತು. ಕಮಿಟಿ ಚಪ್ಪಾಳೆ ತಟ್ಟಿತು. ನಾನು ಹೇಳಿದ್ದನ್ನು ಕೇಳಿಸಿಕೊಂಡವರು ಒಬ್ಬರೇ, ಬೆಂಗಳೂರಿನಿಂದ ಬಂದಿದ್ದ ಹಿರಿಯ ವಿಜ್ಞಾನಿ ವೆಂಕಟಲಕ್ಷ್ಮಿ. ಕಾಫಿ ಲೋಟ ಕೆಳಗಿಟ್ಟರು.

"ಹಾಗಾದ್ರೆ ಇಂಗಾಲ ಎಲ್ಲಿಂದ ಬಂತು?"

"ನಾವೇ ಸುರಿದಿದ್ದು ಮೇಡಂ. ಪುಡಿ ತೊಳೆಯೋಕೆ ಮೆಥನಾಲ್ ಬಳಸ್ತೀವಿ."

ಭೋಜರಾಜರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. "ಅದೇ ನಮ್ಮ ವೇಗವರ್ಧಕದ ವಿಶೇಷ. ಅನಿಲ ಯಾವುದಾದ್ರೂ ಸರಿ, ಕೆಲಸ ಮಾಡತ್ತೆ."

ಯಾರೂ ನಗಲಿಲ್ಲ. ಇಬ್ಬರು ತಲೆಯಾಡಿಸಿ ಬರೆದುಕೊಂಡರು.

ವೆಂಕಟಲಕ್ಷ್ಮಿಯವರ ಒತ್ತಾಯದಿಂದ ನಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು. ಪುಡಿಯನ್ನು ಚೆನ್ನಾಗಿ ಕಾಯಿಸಿ ಒಣಗಿಸಿ, ಎಲ್ಲವನ್ನೂ ಮತ್ತೆ ಅಳೆದೆ. ಡೈಆಕ್ಸೈಡಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ನಿಜವಾಗಿ ಮೆಥನಾಲಾಗುತ್ತಿತ್ತು. ಅಷ್ಟನ್ನೇ ಬರೆದು ಕಳಿಸಿದೆ. ಈ ಸಲ ಫೋಟೋ ತೆಗೆಯಲು ಪತ್ರಿಕೆಯವರು ಯಾರೂ ಬರಲಿಲ್ಲ.

ಭೋಜರಾಜರಿಗೆ ಶಿಕ್ಷೆ ಆಗಲಿಲ್ಲ. ದೆಹಲಿಯಲ್ಲಿ ಸಲಹೆಗಾರರಾದರು. ಬೀಳ್ಕೊಡುಗೆಯ ದಿನ ಆಶೀರ್ವಾದ ಮಾಡುವವರಂತೆ ನನ್ನ ತಲೆಯ ಕಡೆ ಕೈ ಚಾಚಿ, "ಸೈನ್ಸಲ್ಲಿ ಇದೆಲ್ಲ ಸಹಜಮ್ಮಾ," ಎಂದರು.

ನಾನು ತಲೆ ಪಕ್ಕಕ್ಕೆ ಸರಿಸಿದೆ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು.