ದಿವಾನಿನ ನಾಲ್ಕನೇ ಕಾಲು

ಮನುಷ್ಯನ ಮನಸ್ಸನ್ನು ಅರಿಯುವ ಶಾಸ್ತ್ರದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಂಭೀರ ಸಂಗತಿಯೊಂದಿದೆ: ಮನೋವಿಶ್ಲೇಷಕ ಡಾಕ್ಟರ್ ಅಚಾವಲ್ ಅವರು ರೋಗಿಗಳನ್ನು ಮಲಗಿಸುವ ದಿವಾನಿನ ಹಿಂದಿನ ಎಡಗಾಲು ಸಡಿಲವಾಗಿತ್ತು.

ಅದನ್ನು ಪತ್ತೆಹಚ್ಚಿದವನು ಏವರಿಸ್ತೊ, ಐವತ್ತೆರಡರ ಬಡಗಿ. ಒಂಬತ್ತು ವರ್ಷಗಳಿಂದ ಪ್ರತಿ ಮಂಗಳವಾರ ಸಂಜೆ ಐದಕ್ಕೆ ಆ ದಿವಾನಿನ ಮೇಲೆ ಮಲಗಿ, ತಲೆಯ ಹಿಂದೆ ಕೂತ ಡಾಕ್ಟರಿಗೆ ಮನಸ್ಸನ್ನು ಒಪ್ಪಿಸುತ್ತಿದ್ದ. ಮೊದಲು ಬಂದದ್ದು ನಿದ್ದೆ ಬರುವುದಿಲ್ಲವೆಂದು. ನಿದ್ದೆ ಎರಡನೇ ವರ್ಷವೇ ಬಂತು, ಕೆಲವೊಮ್ಮೆ ದಿವಾನಿನ ಮೇಲೆಯೇ. ಆದರೆ ನಮ್ಮ ಬ್ಯೂನಸ್ ಐರಿಸ್‌ನಲ್ಲಿ ಅಷ್ಟಕ್ಕೆಲ್ಲ ಚಿಕಿತ್ಸೆ ನಿಲ್ಲಿಸುವ ಪದ್ಧತಿಯಿಲ್ಲ. ಇಲ್ಲಿ ಕ್ಷೌರಿಕನನ್ನು ಬಿಡಬಹುದು, ಗಂಡನನ್ನೂ ಬಿಡಬಹುದು. ಮನೋವಿಶ್ಲೇಷಕರನ್ನು ಬಿಟ್ಟರೆ ನೆಂಟರೆಲ್ಲ ಗಾಬರಿಯಿಂದ ಫೋನ್ ಮಾಡುತ್ತಾರೆ.

ಈ ವರ್ಷ ಏವರಿಸ್ತೊಗೆ ಬಿಡುಗಡೆ ಬೇಕೇಬೇಕಾಗಿತ್ತು. ಹೊಲಿಗೆ ಅಂಗಡಿಯ ದೆಲ್ಫೀನಾ ಮದುವೆಗೆ ಒಪ್ಪಿದ್ದಳು, ಒಂದೇ ಷರತ್ತಿನ ಮೇಲೆ.

"ನೋಡಪ್ಪ, ನನ್ನ ಮೊದಲನೇ ಗಂಡ ಚಿಕಿತ್ಸೆ ಅರ್ಧದಲ್ಲಿದ್ದಾಗ್ಲೇ ನನ್ನ ಕಟ್ಕೊಂಡ. ಹನ್ನೆರಡು ವರ್ಷ ಅವನ ಅಮ್ಮನ ಕತೆ ಕೇಳಿದ್ದೀನಿ. ನಿನ್ನ ಡಾಕ್ಟ್ರು 'ಮುಗೀತು' ಅಂತ ಬರೆದುಕೊಡ್ಲಿ, ಆಮೇಲೆ ಉಂಗುರ."

ಆ ಮಂಗಳವಾರವೇ ಅವನು ಬಾಯಿಬಿಟ್ಟ. "ಡಾಕ್ಟ್ರೇ, ನಂದು ಮುಗೀತು ಅನ್ಸುತ್ತೆ. ಹಾಂ, ಈ ದಿವಾನಿನ ಕಾಲು ಅಲ್ಲಾಡ್ತಿದೆ."

"ಹೂಂ," ಎಂದರು ಡಾಕ್ಟರು. "ಬಿಟ್ಟು ಹೋಗೋ ಮಾತೆತ್ತಿದ ಕೂಡ್ಲೇ ನಿಮ್ಮ ಆಧಾರ ಅಲ್ಲಾಡ್ತು."

"ಆಧಾರ ಅಲ್ಲ, ಕಾಲು."

"ಯಾರ ಕಾಲು?"

"ದಿವಾನಿಂದು!"

"ನಿಮ್ಮ ತಂದೆ ಕುಂಟ್ತಿದ್ರು ಅಂದಿದ್ರಲ್ಲ?"

ಮುಂದಿನ ವಾರ ಏವರಿಸ್ತೊ ಮರದ ಬೆಣೆಯೊಂದನ್ನು ಕೆತ್ತಿ ತಂದ. ಡಾಕ್ಟರು ಅದನ್ನು ಮುಟ್ಟಲಿಲ್ಲ. ರೋಗಿಯಿಂದ ಉಡುಗೊರೆ ತೆಗೆದುಕೊಂಡರೆ ಇಬ್ಬರ ನಡುವಿನ ಗೆರೆ ಅಳಿಸಿಹೋಗುತ್ತದೆ. ಅದರ ಮುಂದಿನ ವಾರ ಅವನು ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. "ಇವತ್ತು ಕಾಲಿನ ವಿಷಯ ಮುಚ್ಚಿಡ್ತಿದ್ದೀರಿ," ಎಂದರು ಡಾಕ್ಟರು. "ಇನ್ನೂ ಮೂರು ವರ್ಷದ ಕೆಲಸ ಇದೆ."

ಫೆಬ್ರವರಿಯಲ್ಲಿ, ಇಲ್ಲಿಯ ಬೇಸಿಗೆ ರಜೆಗೆಂದು, ಊರಿನ ಮನೋವಿಶ್ಲೇಷಕರೆಲ್ಲ ಸಮುದ್ರತೀರಕ್ಕೆ ಹೋಗುತ್ತಾರೆ. ನಗರ ಒಂದು ತಿಂಗಳು ತನ್ನ ಹುಚ್ಚನ್ನು ತಾನೇ ನೋಡಿಕೊಳ್ಳುತ್ತದೆ. ಅದಕ್ಕೆ ಮುಂಚಿನ ಕೊನೆಯ ಮಂಗಳವಾರ ಏವರಿಸ್ತೊ ಮಲಗಲಿಲ್ಲ, ನಿಂತೇ ಇದ್ದ.

"ಎದುರಿನವರ ಜಾಗದಲ್ಲಿ ನಿಂತು ನೋಡೋದೇ ಈ ವಿದ್ಯೆಯ ತಳಪಾಯ ಅಂತ ರೇಡಿಯೋದಲ್ಲಿ ನೀವೇ ಅಲ್ವಾ ಹೇಳಿದ್ದು? ನಿಲ್ಲೋದು ಬೇಡ ಡಾಕ್ಟ್ರೇ. ಒಂದೇ ನಿಮಿಷ ಮಲಗಿ."

ರೇಡಿಯೋ ಭಾಷಣವನ್ನು ಯಾರೋ ಕೇಳಿದ್ದಾರೆಂಬ ಸಂತೋಷಕ್ಕೆ ತೊಂಬತ್ತೆಂಟು ಕಿಲೋ ತೂಕದ ಡಾಕ್ಟರು ಮಲಗಿಯೇಬಿಟ್ಟರು. ಕಾಲು ಚಟ್ಟೆಂದು ಮುರಿಯಿತು. ಅವರ ತಲೆ ಪುಸ್ತಕದ ಕಪಾಟಿನ ಬುಡಕ್ಕೆ ಬಂದು ನಿಂತಿತು.

ಏವರಿಸ್ತೊ ಡಾಕ್ಟರ ಕುರ್ಚಿಯಲ್ಲಿ ಕೂತ. ಅದರ ನಾಲ್ಕೂ ಕಾಲು ಗಟ್ಟಿಯಾಗಿದ್ದವು.

"ಹೂಂ," ಎಂದ.

"ಕಾಲು ಮುರೀತು!"

"ಯಾರ ಕಾಲು?"

"ದಿವಾನಿಂದು ಮಾರಾಯ್ರೇ! ಎಬ್ಬಿಸ್ರೀ ನನ್ನ!"

"ನಾನು ಎಬ್ಬಿಸಿದ್ರೆ ನೀವು ನಿಮ್ಮಷ್ಟಕ್ಕೆ ಏಳೋದು ಯಾವಾಗ?"

ಮೌನವನ್ನು ಮುರಿಯಬಾರದೆಂಬುದನ್ನು ಬಡಗಿ ಒಂಬತ್ತು ವರ್ಷದಲ್ಲಿ ಕಲಿತಿದ್ದ. ಕೊನೆಗೆ ಡಾಕ್ಟರು ಚಾವಣಿ ನೋಡುತ್ತ, "ನಮ್ಮಪ್ಪನೂ ಎತ್ಕೊಳ್ತಿರ್ಲಿಲ್ಲ," ಎಂದರು. ಆಮೇಲೆ ಅವರ ಮಾತು ನಿಲ್ಲಲಿಲ್ಲ. ಅಪ್ಪನ ನಂತರ ಅಣ್ಣ ಬಂದ, ಅಣ್ಣನ ಹಿಂದೆ ಅವನ ಸೈಕಲ್ ಬಂತು.

ಡಾಕ್ಟರು ಪ್ರತಿ ವಾರ ನಿಲ್ಲಿಸುವ ಹೊತ್ತಾದ ಐದು ಐವತ್ತಕ್ಕೆ ಏವರಿಸ್ತೊ ಗಡಿಯಾರ ನೋಡಿದ. "ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ," ಎಂದು ಅವರನ್ನು ಎಬ್ಬಿಸಿ ಕೂರಿಸಿದ. ಡಾಕ್ಟರು ಮೂಗು ಒರೆಸಿಕೊಂಡು, ಚಿಕಿತ್ಸೆ ಮುಗಿದಿದೆಯೆಂದು ಬರೆದು ಸಹಿ ಹಾಕಿದರು. ಯಾರ ಚಿಕಿತ್ಸೆ ಎಂದು ಅವನು ಕೇಳಲಿಲ್ಲ.

ರೋಗಿಯಾಗಿದ್ದವನಿಂದ ಕೆಲಸ ಮಾಡಿಸಿಕೊಳ್ಳುವುದು ನಿಯಮಕ್ಕೆ ವಿರುದ್ಧವಾದ್ದರಿಂದ ದಿವಾನಿಗೆ ಹೊಸ ಕಾಲನ್ನು ಬೇರೊಬ್ಬ ಬಡಗಿ ಹಾಕಿದ, ಅದೂ ಅಲ್ಲಾಡುತ್ತದೆ. ಮದುವೆ ಮಾರ್ಚ್ ಏಳರಂದು ನಡೆಯಿತು.