ತಾಯಿಯ ಕಡೆಯ ಚೌಕುಳಿ

ಸ್ಟ್ಯಾನ್ಲಿ ಸರ್ ನಿವೃತ್ತಿಯಾಗಿ ಒಮಾನ್ ಬಿಟ್ಟು ಹೋಗುತ್ತಾರೆಂದು ತಿಳಿದಾಗ ಆಫೀಸಿನವರೆಲ್ಲ ಸೇರಿ ಒಂದು ಗೋಡೆ ಗಡಿಯಾರ ಕೊಡುವುದೆಂದು ತೀರ್ಮಾನಿಸಿದರು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯನಿಗೆ ಗಡಿಯಾರ ಕೊಟ್ಟು ಕೈ ತೊಳೆದುಕೊಳ್ಳುವಷ್ಟು ಸಣ್ಣದಲ್ಲ ಅವರು ನನಗೆ ಮಾಡಿದ ಉಪಕಾರ.

ಅವರು ಮಸ್ಕತ್ತಿನ ಅಲ್ ಖುವೈರ್‌ನಲ್ಲಿರುವ ನಮ್ಮ ಕಂಪನಿಯಲ್ಲಿ ಚೀಫ್ ಎಂಜಿನಿಯರ್, ಸ್ಕಾಟ್ಲೆಂಡಿನವರು. ನಾನು ಅವರ ಸೆಕ್ರೆಟರಿ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಬೆಳಿಗ್ಗೆ, ಅಮ್ಮನಿಗೆ ಕಾಯಿಲೆ ಜೋರಾಗಿದೆ ಎಂದು ಮುಲ್ಕಿಯಿಂದ ಫೋನ್ ಬಂತು. ನನ್ನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು. ಆಫೀಸಿಗೆ ರಜೆ. ಕಪಾಟಿನ ಕೀಲಿಕೈ ಇಟ್ಟುಕೊಂಡಿದ್ದವನು ಮುನ್ನೂರು ಕಿಲೋಮೀಟರಿಗೂ ದೂರದ ಬುರೈಮಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದ. ನಮ್ಮವರು, ದೇಜಪ್ಪನವರು, ಒಳ್ಳೆಯವರೇ. ಆದರೆ ಇಂಥ ಹೊತ್ತಿನಲ್ಲಿ ತಲೆಗೆ ಕೈ ಕೊಟ್ಟು ಕೂರುವ ಪೈಕಿ. ನಾನೇ ಅಳುತ್ತ ಸರ್‌ಗೆ ಫೋನ್ ಮಾಡಿದೆ. ಅವರು ಕೂಡಲೇ ಕಾರು ತೆಗೆದುಕೊಂಡು ಬುರೈಮಿಗೆ ಹೋಗಿ ಕೀಲಿಕೈ ತಂದರು. ಪಾಸ್‌ಪೋರ್ಟ್ ತೆಗೆದು ನನ್ನ ಕೈಗಿಟ್ಟು, ತಾವೇ ಸೀಬ್ ವಿಮಾನ ನಿಲ್ದಾಣದವರೆಗೂ ಬಿಟ್ಟರು.

ದಾರಿಯಲ್ಲಿ ನನ್ನ ಅಳು ನಿಲ್ಲಿಸಲೆಂದೋ ಏನೋ, ತಮ್ಮ ತಾಯಿಯ ಸುದ್ದಿ ಹೇಳಿದರು. ಆಕೆಯ ಹೆಸರು ಇಸಾಬೆಲ್ಲಾ ಮ್ಯಾಕ್‌ಲೀನ್. ಗಂಡ ತನ್ನ ಹೆಸರೊಂದನ್ನು ಮಗನಿಗೆ ಅಂಟಿಸಿ ಓಡಿಹೋದ ಮೇಲೆ, ಬಂದರಿನಲ್ಲಿ ಮೀನು ಸೀಳಿ ಉಪ್ಪು ಹಾಕಿ ಒಬ್ಬಳೇ ಮಗನನ್ನು ಸಾಕಿದಳಂತೆ. ಈಗ ಅಲ್ಲಿಯ ವೃದ್ಧಾಶ್ರಮವೊಂದರಲ್ಲಿ ಇದ್ದಾಳಂತೆ. ನಮ್ಮ ಕಡೆಯ ಹೆಂಗಸಿನ ಕಥೆಯನ್ನೇ ಯಾರೋ ಇಂಗ್ಲಿಷಿನಲ್ಲಿ ಹೇಳಿದಂತಿತ್ತು. ಮರುದಿನ ಬೆಳಿಗ್ಗೆ ನಾನು ಊರು ಮುಟ್ಟಿದಾಗ ಅಮ್ಮನಿಗೆ ಎಚ್ಚರವಿತ್ತು. ನನ್ನ ಕೈಯಿಂದ ಗಂಜಿತಿಳಿ ಕುಡಿದು, ಸಂಜೆ ಕಣ್ಣು ಮುಚ್ಚಿದಳು. ಆ ಒಂದು ಹಗಲು ನನಗೆ ದಕ್ಕಿದ್ದು ಸ್ಟ್ಯಾನ್ಲಿ ಸರ್ ದಯೆಯಿಂದ.

ಸ್ಕಾಟ್ಲೆಂಡಿನವರು ಪ್ರತಿ ನವೆಂಬರ್ ಕೊನೆಗೆ ತಮ್ಮ ನಾಡಿನ ಸಂತನ ಹೆಸರಿನಲ್ಲಿ ಮಸ್ಕತ್ತಿನ ಹೋಟೆಲೊಂದರಲ್ಲಿ ಊಟ, ಕುಣಿತ ಇಡುತ್ತಾರೆ. ಸರ್ ನಮ್ಮಿಬ್ಬರನ್ನೂ ಕರೆಯುತ್ತಿದ್ದರು. ಗಂಡಸರಲ್ಲಿ ಕೆಲವರು ಮೊಣಕಾಲಿನವರೆಗಿನ ಲಂಗದಂಥ ಕಿಲ್ಟ್ ಉಟ್ಟು, ಕೆಲವರು ಕರಿ ಪ್ಯಾಂಟ್ ತೊಟ್ಟು ಬರುತ್ತಿದ್ದರು. ಮೇಲೆ ಮಾತ್ರ ಎಲ್ಲರದೂ ಟಾರ್ಟನ್ ಎಂಬ ಚೌಕುಳಿ ಬಟ್ಟೆಯ ವೇಸ್ಟ್‌ಕೋಟು. ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿಯಂತೆ. ಸರ್ ಒಬ್ಬರೇ ಬೋಳು ಕರಿ ವೇಸ್ಟ್‌ಕೋಟಿನಲ್ಲಿ ಮೂಲೆಯ ಮೇಜಿಗೆ ಕೂರುತ್ತಿದ್ದರು. ಪಾಪ, ಹೊಲಿಸಿಕೊಳ್ಳಲು ಪುರುಸೊತ್ತಿಲ್ಲವೇನೋ ಎಂದುಕೊಂಡಿದ್ದೆ. ಈ ಸಲ ಅವರಿಗೆ ಇಲ್ಲಿಯ ಕಡೆಯ ಊಟ. ನಾನೇ ಹೊಲಿಸಿಕೊಡುತ್ತೇನೆ ಎಂದು ಹಟ ತೊಟ್ಟೆ.

ಯಾವ ಮನೆತನದ ಚೌಕುಳಿ ಎಂಬ ಪ್ರಶ್ನೆಯೇ ನನಗೆ ಏಳಲಿಲ್ಲ. ತುಳುವರಾದ ನಮ್ಮಲ್ಲಿ ವಂಶಕ್ಕೆ ‘ಬರಿ’ ಎನ್ನುತ್ತಾರೆ, ಅದು ಬರುವುದು ತಾಯಿಯಿಂದ. ನನ್ನ ಮಕ್ಕಳು ನನ್ನ ಬರಿಯವರು, ದೇಜಪ್ಪನವರ ಬರಿಯವರಲ್ಲ. ಹಾಗಾದರೆ ಇಸಾಬೆಲ್ಲಾ ಮ್ಯಾಕ್‌ಲೀನ್ ಅವರ ಮಗ ಮ್ಯಾಕ್‌ಲೀನ್ ತಾನೇ? ಸ್ಕಾಟ್ಲೆಂಡಿಗೆ ರಜೆಗೆ ಹೋಗಿದ್ದ ಸಹೋದ್ಯೋಗಿಯಿಂದ ಆ ಮನೆತನದ ಹಸಿರು ಉಣ್ಣೆ ಬಟ್ಟೆ ತರಿಸಿದೆ. ಸರ್ ಹೆಂಡತಿ ಕ್ಯಾರೋಲಿನ್ ಅಳತೆಗೆಂದು ಹಳೆಯ ಕರಿ ವೇಸ್ಟ್‌ಕೋಟನ್ನು ಗುಟ್ಟಾಗಿ ಕೊಟ್ಟರು. ಬಟ್ಟೆ ಯಾವುದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲೇ ಅಂಗಡಿ ಇಟ್ಟಿರುವ ಉಳ್ಳಾಲದ ದರ್ಜಿ ಹಾಜಬ್ಬನವರು, ಲುಂಗಿ ಬಟ್ಟೆಯಲ್ಲಿ ಯಾರಾದರೂ ಕೋಟು ಹೊಲಿಸುತ್ತಾರಾ ಎಂದು ನನ್ನನ್ನು ಕಾಡಿಸುತ್ತಲೇ, ಗೆರೆಗೆ ಗೆರೆ ಕೂಡಿಸಿ ಚೆನ್ನಾಗಿ ಹೊಲಿದುಕೊಟ್ಟರು.

ಊಟದ ದಿನ ಮಧ್ಯಾಹ್ನ ನಾವಿಬ್ಬರೂ ಬೌಷರ್‌ನ ಅವರ ಮನೆಗೆ ಹೋದೆವು. ಸರ್ ನಗುತ್ತ ನಾನು ಕೊಟ್ಟ ಡಬ್ಬಿ ತೆರೆದರು. ಒಳಗಿನ ಬಟ್ಟೆ ಕಂಡದ್ದೇ ನಗು ಆರಿಹೋಯಿತು. ಕ್ಯಾರೋಲಿನ್ ಬಾಯಿಗೆ ಕೈ ಅಡ್ಡ ಹಿಡಿದರು.

“ಇದು ಮ್ಯಾಕ್‌ಲೀನ್‌ರದು, ಲೋಲಾಕ್ಷಿ. ನಾನು ಆ ಮನೆಯವನಲ್ಲ,” ಎಂದರು ಸರ್.

ಅವರಲ್ಲಿ ಸಾಮಾನ್ಯವಾಗಿ ತಂದೆಯ ಹೆಸರೇ ಮನೆತನವಂತೆ. ತಾಯಿಯ ಕಡೆಯದನ್ನು ತೊಡುವವರೂ ಇದ್ದಾರಂತೆ, ಆದರೆ ಸರ್ ಪಾಲಿಗೆ ಆ ಬಾಗಿಲೂ ಮುಚ್ಚಿತ್ತು. ಗಂಡ ಬಿಟ್ಟುಹೋದಾಗ ಇಸಾಬೆಲ್ಲಾ ಕೂಸನ್ನು ಎತ್ತಿಕೊಂಡು ತವರಿಗೆ ಹೋದರೆ, ಅವಳ ಅಪ್ಪ ಹೊಸ್ತಿಲಲ್ಲೇ ತಡೆದು, ಆ ಮಗು ನಮ್ಮದಲ್ಲ ಎಂದನಂತೆ. ಆಮೇಲೆ ತಾಯಿ ಆ ಚೌಕುಳಿಯನ್ನು ಮೈಗೆ ಹಾಕಲಿಲ್ಲ. ಓಡಿಹೋದ ಅಪ್ಪನದು ಸರ್‌ಗೆ ಬೇಡವಾಗಿತ್ತು, ತಾಯಿಯದು ಬೇಕಾಗಿದ್ದರೂ ಕೇಳುವಂತಿರಲಿಲ್ಲ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೃತಜ್ಞತೆ ಹೇಳಲು ಬಂದು, ಅರವತ್ತು ವರ್ಷದ ಹುಣ್ಣಿಗೆ ಕೈ ಹಾಕಿದ್ದೆ. ದೇಜಪ್ಪನವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

“ಒಂದು ಮಾತು ಮೇಡಂ ಹತ್ರ ಕೇಳಿದ್ರೆ ನಿನ್ನ ಗಂಟೆಂತ ಹೋಗ್ತಿತ್ತು ಮಾರಾಯ್ತಿ? ಡಬ್ಬಿ ತಕ್ಕೊ, ಹೋಗುವ.”

ಡಬ್ಬಿಗೆ ಕೈ ಚಾಚಿದೆ. ಆದರೆ ಆ ಅಜ್ಜನ ಮೇಲೆ ಬಂದ ಸಿಟ್ಟು ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

“ಸರ್, ನಮ್ಮಲ್ಲಿ ಮಗು ತಾಯಿಯ ಕುಲಕ್ಕೆ ಸೇರಿದ್ದು. ಹುಟ್ಟಿದ ಗಳಿಗೆಯಲ್ಲೇ ಸೇರಿಯಾಯಿತು. ಅಲ್ಲ ಎನ್ನಲಿಕ್ಕೆ ಅಪ್ಪನಿಗೂ ಅಧಿಕಾರ ಇಲ್ಲ, ಅಜ್ಜನಿಗೂ ಇಲ್ಲ. ನಿಮ್ಮ ತಾಯಿ ಮ್ಯಾಕ್‌ಲೀನ್ ಆಗಿದ್ದರೆ ನೀವೂ ಮ್ಯಾಕ್‌ಲೀನ್. ನನಗೆ ಗೊತ್ತಿರುವುದು ಇಷ್ಟೇ.”

ಅವರು ಡಬ್ಬಿಯನ್ನು ನನ್ನ ಕೈಗೆ ಕೊಡದೆ ಎದೆಗೆ ಅವಚಿಕೊಂಡು ಒಳಗೆ ಹೋದರು. ಕ್ಯಾರೋಲಿನ್ ನಮ್ಮನ್ನು ಬಾಗಿಲವರೆಗೆ ಕಳಿಸಿಕೊಟ್ಟರು. ಮನೆಗೆ ಬಂದು, ಊಟಕ್ಕೆ ಹೋಗುವುದೋ ಬೇಡವೋ ಎನ್ನುತ್ತಲೇ ಸೀರೆ ಉಟ್ಟೆ.

ಸಂಜೆ ಹೋಟೆಲಿನಲ್ಲಿ ನಾವು ಕುಳಿತ ಸ್ವಲ್ಪ ಹೊತ್ತಿಗೆ ಸ್ಟ್ಯಾನ್ಲಿ ಸರ್ ಬಂದರು. ಕರಿ ಪ್ಯಾಂಟಿನ ಮೇಲೆ ಹಸಿರು ಚೌಕುಳಿಯ ವೇಸ್ಟ್‌ಕೋಟು, ಗುಂಡಿಗಳೆಲ್ಲ ಹಾಕಿಕೊಂಡು. ಪಕ್ಕದ ಮೇಜಿನ ಮುದುಕರೊಬ್ಬರು ಅವರನ್ನು ತಡೆದು, ಇಷ್ಟು ವರ್ಷ ತೊಡದವರು ಇದು ಯಾರದು ತೊಟ್ಟಿದ್ದೀರಿ ಎಂದು ಕೇಳಿದರು. ಸುತ್ತಲಿನವರಿಗೂ ಕೇಳುವಂತೆ ಸರ್ ಹೇಳಿದರು:

“ನನ್ನ ತಾಯಿಯದು. ಹಾಗಾಗಿ ನನ್ನದು.”

ನಾನು ಅತ್ತೆ. ಅತ್ತದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಅಮ್ಮನ ಬಾಯಿಗೆ ಗಂಜಿತಿಳಿ ಹಾಕಿದ ಹಗಲಿನ ಋಣ ತೀರುವಂಥದ್ದಲ್ಲ, ತೀರುವುದೂ ಬೇಡ. ಆದರೂ ಆ ಮನುಷ್ಯನಿಗೆ ನನ್ನಿಂದ ಏನೋ ಮುಟ್ಟಿತು ಎಂಬ ಸಂತೋಷದಲ್ಲಿ ಎದೆ ತುಂಬಿ ಬಂದಿತ್ತು.

ಸರ್ ನಮ್ಮ ಮೇಜಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ಎಸಿ ಇದ್ದರೂ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮಧ್ಯಾಹ್ನ ವೃದ್ಧಾಶ್ರಮಕ್ಕೆ ಫೋನ್ ಮಾಡಿ, ಏನು ತೊಟ್ಟಿದ್ದೇನೆಂದು ತಾಯಿಗೆ ಹೇಳಿದರಂತೆ. ಆಕೆ, ಬೆಚ್ಚಗಿದೆಯೇ ಮಗನೇ ಎಂದು ಕೇಳಿದಳಂತೆ. ಮಸ್ಕತ್ತಿನ ಸೆಕೆಯಲ್ಲಿ ಉಣ್ಣೆಯೊಳಗೆ ಬೇಯುತ್ತಿದ್ದ ಮಗ, ಹೌದಮ್ಮ, ತುಂಬಾ ಬೆಚ್ಚಗಿದೆ ಎಂದನಂತೆ.